ಈಡಿಗೆ ಮೊದಲು ಒಂದು ಕೂ

ಹನ್ನೊಂದನೆಯ ಆಡು ಸತ್ತ ಸೋಮವಾರ ಬೆಳಿಗ್ಗೆ ನಮ್ಮ ಅರ್ಬಾಬ್ ಬೈಯಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ. ಅರ್ಬಾಬ್ ಎಂದರೆ ಯಜಮಾನರು. ಬಹ್ರೇನಿನಲ್ಲಿ ನಮ್ಮಂಥ ಕೆಲಸದವರು ಹಾಗೆಯೇ ಕರೆಯುವುದು. ಇವರ ಹೆಸರು ಬೂ ಖಾಲಿದ್. ಜಲ್ಲಾಕ್ ದಾಟಿದ ಮೇಲೆ ಸಿಗುವ ಈ ಖರ್ಜೂರದ ತೋಟ, ನೂರಿಪ್ಪತ್ತು ಆಡು, ಎಲ್ಲ ಅವರದು. ಸಿಟ್ಟು ಬಂದರೆ ಅರ್ಧ ತಾಸು ಬೈದು, ಆಮೇಲೆ ತಾವೇ ಚಹಾ ತರಿಸಿ ಕುಡಿಸುವ ಮನುಷ್ಯ. ಅಂದು ಮಾತ್ರ ಗಂಟಲು ಹರಿದ ಆಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದರ ಕಿವಿ ಸವರಿದರು. ಎದ್ದು ಕೈ ಒರೆಸಿಕೊಂಡು ನಮ್ಮ ಮ್ಯಾನೇಜರ್ ಸರ್ವೋತ್ತಮನ ಕಡೆಗೆ ತಿರುಗಿದರು.

“ಸರ್ವೋ, ನೀನು ಶಿಕಾರಿ,” ಎಂದರು ಹಿಂದಿಯಲ್ಲಿ. “ನನ್ನ ಹತ್ತಿರ ಮೂರು ರೈಫಲ್ ಇದೆ. ಸಣ್ಣದು ಪಾಯಿಂಟ್ ಟ್ವೆಂಟಿಟೂ, ನಡುವಿನದು ಟೂ-ಟ್ವೆಂಟಿ-ತ್ರೀ, ದೊಡ್ಡದು ತ್ರೀ-ನಾಟ್-ಎಯ್ಟ್. ಈ ನಾಯಿಗಳಿಗೆ ಯಾವುದು ಸರಿ, ನೀನೇ ಹೇಳು.”

ನಾಯಿ ಎಂದ ಕೂಡಲೆ ನಿಮ್ಮ ಕಣ್ಣಿಗೆ ಬೇಕರಿಯ ಮುಂದೆ ಬಾಲ ಅಲ್ಲಾಡಿಸುವ ಬಡಪಾಯಿ ಬರಬಹುದು. ಇವು ಆ ಜಾತಿಯವಲ್ಲ. ಮರಳುಗಾಡಿನಲ್ಲೇ ಹುಟ್ಟಿ, ಮನುಷ್ಯನ ಕೈಯಿಂದ ಒಂದು ತುಂಡು ರೊಟ್ಟಿ ತಿನ್ನದೆ ಬೆಳೆದವು. ಆರೇಳರ ಗುಂಪು, ಮುಂದೆ ಒಂದು ಹಳದಿ ಹೆಣ್ಣುನಾಯಿ. ನಾಯಿ ಹಿಡಿಯುವವರು ಎರಡು ಸಲ ಬಂದು ಮೂರನ್ನು ಹಿಡಿದುಕೊಂಡೂ ಹೋದರು. ಹಳದಿ ಮಾತ್ರ ಬೋನಿನ ಹತ್ತಿರ ಸುಳಿಯಲಿಲ್ಲ. ಬೇಲಿ ಎತ್ತರಿಸಿದೆವು, ಅದು ಬೇಲಿಯ ಕೆಳಗೆ ತೋಡಿಕೊಂಡು ಬಂತು.

ಸರ್ವೋತ್ತಮ ಶಿಕಾರಿ ಎಂಬುದು ಇಲ್ಲಿ ಹದಿನಾಲ್ಕು ವರ್ಷದ ಮಾತು. ಅವನ ಊರು ಕಾರ್ಕಳದ ಆಚೆ ಮಾಳ, ಗುಡ್ಡದ ಬುಡ. ಸೋದರಮಾವನ ಹತ್ತಿರ ಬೆಳೆ ಕಾಯಲಿಕ್ಕೆ ಪರವಾನಗಿಯ ಕೋವಿ ಇತ್ತು. ಶುಕ್ರವಾರ ಅದ್ಲಿಯಾದ ಅವನ ಫ್ಲಾಟಿನಲ್ಲಿ ಊರಿನವರು ನಾಲ್ಕು ಜನ ಸೇರಿದರೆ ಹಂದಿ ಬೇಟೆಯ ಕಥೆ ಬಂದೇ ಬರುತ್ತದೆ. ಒಂಟಿ ಹಂದಿ ಪೊದೆ ಸೀಳಿಕೊಂಡು ಬಂದದ್ದು, ಎಂಟು ಹೆಜ್ಜೆ ದೂರದಲ್ಲಿ ಈಡು ಹಾರಿದ್ದು, ಹಂದಿ ಕಾಲಬುಡದಲ್ಲೇ ಬಿದ್ದದ್ದು. ಅವನ ಹೆಂಡತಿ ಹರಿಣಾಕ್ಷಿ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಆ ಕಥೆ ಶುರುವಾದ ಕೂಡಲೆ ಆಕೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಕೋವಿ ಯಾರ ಕೈಯಲ್ಲಿತ್ತು ಎಂದು ಅವನು ಹೇಳಿದ್ದಿಲ್ಲ, ನಾವು ಕೇಳಿದ್ದೂ ಇಲ್ಲ.

“ಸಣ್ಣ ಗುಂಡು ಬೇಡ ಅರ್ಬಾಬ್,” ಎಂದ ಸರ್ವೋತ್ತಮ. ಮೂರು ಹೆಸರು ಕೇಳಿದ ಮೇಲೆ ಒಂದು ಗಳಿಗೆಯೂ ಯೋಚಿಸಲಿಲ್ಲ. “ತಾಗಿಯೂ ಸಾಯದಿದ್ದರೆ ಪ್ರಾಣಿ ಮತ್ತೂ ಕೆಟ್ಟದಾಗ್ತದೆ. ತ್ರೀ-ನಾಟ್-ಎಯ್ಟ್ ತನ್ನಿ.”

“ಖಲಾಸ್, ಅದೇ ಆಯಿತು,” ಎಂದರು ಅರ್ಬಾಬ್. “ಶುಕ್ರವಾರ ಬೆಳಗಿನ ಜಾವ. ನೀನು ನನ್ನ ಪಕ್ಕದಲ್ಲೇ ಇರಬೇಕು.”

ಅವರ ಕಾರು ಗೇಟು ದಾಟುವ ತನಕ ಸರ್ವೋತ್ತಮ ಎದೆಯುಬ್ಬಿಸಿ ನಿಂತಿದ್ದ. ಆಮೇಲೆ ಕತ್ತು ಉಜ್ಜಿಕೊಳ್ಳತೊಡಗಿದ. ಆ ಮನುಷ್ಯ ಕತ್ತು ಉಜ್ಜಿಕೊಂಡ ಎಂದರೆ ಏನೋ ಎಡವಟ್ಟು ಆಗಿದೆ ಎಂದೇ ಅರ್ಥ.

ನನ್ನ ಹೆಸರು ಯುಸ್ಟೇಸ್. ಶಿರ್ವದವನು, ಈ ತೋಟದ ಡ್ರೈವರ್. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಮನೆಯವಳು ಹೇಳುತ್ತಾಳೆ, ಸುಳ್ಳಲ್ಲ. ಸರ್ವೋತ್ತಮನ ಮೇಲೆ ನನಗೆ ಪ್ರತಿ ಸಂಜೆ ಸಿಟ್ಟು ಬರುವ ಒಂದು ವಿಷಯವಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಗೇಟಿಗೆ ಬೀಗ ಹಾಕುವ ಮುಂಚೆ ಅವನು ಅಂಗಳದ ನಡುವೆ ನಿಂತು, ಬಾಯಿಯ ಸುತ್ತ ಕೈ ಹಿಡಿದು ಉದ್ದಕ್ಕೆ “ಕೂ...” ಎಂದು ಕೂಗುತ್ತಾನೆ. ನಮ್ಮೂರಿನಲ್ಲಿ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕರೆಯುವ ಹಾಗೆ. ತೋಟದ ನಾಲ್ಕು ಮೂಲೆಗಳಿಂದ ನಾಲ್ಕು ಕೆಲಸದವರು ತಿರುಗಿ ಕೂ ಕೊಡಬೇಕು. ಆಡು ನೋಡಿಕೊಳ್ಳುವ ಬಾಂಗ್ಲಾದ ಜಲಾಲ್, ಮತ್ತೆ ಗಿಡಕ್ಕೆ ನೀರು ಬಿಡುವ ಮೂವರು. ನಾಲ್ಕು ಕೂ ಲೆಕ್ಕ ಸಿಕ್ಕಿದ ಮೇಲೆಯೇ ಬೀಗ. ಧೂಳುಗಾಳಿ ಎದ್ದ ದಿನ ಹಗಲಲ್ಲೂ ಇದೇ ಕಾಟ. ನಾನು ಮಾತ್ರ ಕೂ ಕೊಟ್ಟವನಲ್ಲ. “ನಾನೇನು ಕೋಗಿಲೆಯಾ ಮಾರಾಯ?” ಎಂದು ಪಿಕಪ್ಪಿನ ಹಾರ್ನ್ ಒತ್ತುತ್ತಿದ್ದೆ. ಐದನೆಯ ಲೆಕ್ಕಕ್ಕೆ ಅವನು ಅದನ್ನೇ ಹಿಡಿದುಕೊಳ್ಳುತ್ತಿದ್ದ, ಮುಖ ಸಿಂಡರಿಸಿಕೊಂಡು.

ಮಂಗಳವಾರ ಮೇವು ತರಲು ಇಬ್ಬರೂ ಹೊರಟಿದ್ದೆವು. ಅವನು ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದ. ಅಮೆರಿಕದವನೊಬ್ಬ ಇಂಗ್ಲಿಷಿನಲ್ಲಿ ಒಂದೇ ಸಮ ಮಾತಾಡುತ್ತಿದ್ದ. ಕೊಯೋಟಿ ಎಂದು ಅವರಲ್ಲಿ ಒಂದು ಪ್ರಾಣಿ ಉಂಟಂತೆ, ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು, ಕುರಿ ಕದಿಯುವುದೇ ಕೆಲಸ. ಅದಕ್ಕೆ ಯಾವ ರೈಫಲ್ ಎಂಬುದೇ ಆ ವಿಡಿಯೋದ ವಿಷಯ.

“ಯುಸ್ಟೇಸ್, ಗಾಡಿ ಬದಿಗೆ ಹಾಕು,” ಎಂದ.

ಹಾಕಿದೆ.

“ನಾನು ತಪ್ಪು ಹೇಳಿದೆ ಮಾರಾಯ. ಇವನು ಹೇಳ್ತಾನೆ, ಪಾಯಿಂಟ್ ಟ್ವೆಂಟಿಟೂ ಇಲಿಗೆ, ಮೊಲಕ್ಕೆ. ನಾಯಿಯಷ್ಟು ದೊಡ್ಡ ಪ್ರಾಣಿಗೆ ಟೂ-ಟ್ವೆಂಟಿ-ತ್ರೀ ಸರಿ. ಗುಂಡು ಹಗುರ, ವೇಗ ಜಾಸ್ತಿ, ತಾಗಿದ ಕೂಡಲೆ ಮೈಯೊಳಗೇ ಪುಡಿಯಾಗ್ತದೆ. ತ್ರೀ-ನಾಟ್-ಎಯ್ಟ್ ದೊಡ್ಡ ಜಿಂಕೆಗೆ. ನಾಯಿಗೆ ಹೊಡೆದರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟು, ಮತ್ತೆಷ್ಟು ದೂರ ಹೋಗ್ತದೋ ದೇವರೇ ಬಲ್ಲ. ಪ್ರಾಣಿಯ ಬೆನ್ನಿಗೆ ಮಣ್ಣಿನ ದಿಣ್ಣೆ ಇಲ್ಲದಿದ್ದರೆ ಯಾವುದನ್ನೂ ಹೊಡೀಬೇಡಿ ಅಂತಾನೆ.”

ನಾನು ಕಿಟಕಿಯಿಂದ ಹೊರಗೆ ನೋಡಿದೆ. ದಿಣ್ಣೆ ಎಲ್ಲಿಂದ ತರುವುದು? ಅಂಗೈಯಷ್ಟು ಚಪ್ಪಟೆ ನೆಲ. ನಮ್ಮ ಬೇಲಿಯ ಆಚೆ ಪಕ್ಕದ ತೋಟ, ಅದರಾಚೆ ಚಳಿಗಾಲಕ್ಕೆಂದು ಸಂಸಾರ ಸಮೇತ ಬಂದವರ ಡೇರೆಗಳು, ಅದರಾಚೆ ಹೈವೇ.

“ನಿಮ್ಮ ಮಾಳದಲ್ಲಿ ಹೇಗೆ ಹೊಡೀತಿದ್ರಿ?”

“ಅಲ್ಲಿ ಎಲ್ಲಿ ಹೊಡೆದರೂ ಗುಡ್ಡಕ್ಕೇ ತಾಗುವುದು. ಗುಂಡು ಎಲ್ಲಿ ಹೋಗ್ತದೆ ಅಂತ ಯಾರು ಯೋಚಿಸಿದ್ದು?”

“ಸರಿ, ಅರ್ಬಾಬರಿಗೆ ಫೋನ್ ಮಾಡಿ ಹೇಳು. ಶಿಕಾರಿ ನೀನು, ಬದಲು ಮಾಡಿದೆ ಅಂದರೆ ಮುಗೀತು.”

ಅವನು ಮೊಬೈಲನ್ನು ತೊಡೆಯ ಮೇಲೆ ಬೋರಲು ಇಟ್ಟ. “ಯುಸ್ಟೇಸ್, ನಾನು ಈಡು ಹೊಡೆದವನೇ ಅಲ್ಲ. ಕೋವಿ ಹಿಡಿದವನೂ ಅಲ್ಲ. ಮಾವ ಕೊಡಲಿಲ್ಲ. ಹಂದಿ ಎಬ್ಬಿಸುವಾಗ ಏಳೆಂಟು ಜನ ಪೊದೆಯಲ್ಲಿ ಚದುರಿ ಇರ್ತಾರಲ್ಲ, ಅವರು ಎಲ್ಲೆಲ್ಲಿ ಇದ್ದಾರೆ ಅಂತ ಕೂ ಹಾಕಿ ಲೆಕ್ಕ ತೆಗೆಯುವವ ಒಬ್ಬ ಬೇಕು. ಅದು ನಾನು. ಹನ್ನೆರಡು ವರ್ಷ ಅದೇ ಮಾಡಿದ್ದು.”

ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಹದಿನಾಲ್ಕು ವರ್ಷ ಬಾಯಿ ತೆರೆದು ಆ ಹಂದಿಯ ಕಥೆ ಕೇಳಿದ್ದೇನೆ, ಅವನ ಮನೆಯ ಕೋಳಿಸಾರಿನ ಜೊತೆ. “ಬೆಪ್ಪ, ಇದು ಬಡಾಯಿ ಕೊಚ್ಚುವ ವಿಷಯವಾ? ಒಂದು ಜೀವ ಹೋದರೆ?” ಎಂದೆ. ಮೇವಿನ ಅಂಗಡಿಯ ತನಕವೂ ಬೈದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದು ಅವನ ಮುಖದಲ್ಲೇ ಬರೆದಿತ್ತು.

ಗುರುವಾರ ಸಂಜೆ ಅರ್ಬಾಬ್ ರೈಫಲ್ ತಂದರು. ಉದ್ದದ ಪೆಟ್ಟಿಗೆ, ಒಳಗೆ ಸ್ಪಂಜು, ಮೇಲೆ ದುರ್ಬೀನು. ಲೈಸನ್ಸು, ಅನುಮತಿ, ಕಾಗದಪತ್ರ ಎಲ್ಲ ಅವರ ಹೆಸರಲ್ಲಿ. ನಾವು ಮುಟ್ಟುವ ಹಾಗೂ ಇಲ್ಲ. ಸರ್ವೋತ್ತಮ ಗಂಟಲು ಸರಿಮಾಡಿಕೊಂಡ.

“ಅರ್ಬಾಬ್, ಸ್ವಲ್ಪ ಚಿಕ್ಕದು ತಗೊಂಡರೆ ಹೇಗೆ? ಟೂ-ಟ್ವೆಂಟಿ-ತ್ರೀ?”

ಅರ್ಬಾಬ್ ಅವನನ್ನೇ ದಿಟ್ಟಿಸಿದರು. “ಸೋಮವಾರ ದೊಡ್ಡದು ಅಂದೆ. ನೀನು ಹೇಳಿದ್ದಕ್ಕೇ ನಿನ್ನೆ ಇಡೀ ದಿನ ಇದನ್ನೇ ಗುರಿಗೆ ಕೂರಿಸಿದ್ದೇನೆ. ಶಿಕಾರಿಗೆ ಎರಡು ಮಾತು ಇರ್ತದಾ? ಒಂದು ಹೇಳು.”

ನಾನು ಹಿಂದಿನಿಂದ ಅವನ ಹಿಮ್ಮಡಿಗೆ ಬೂಟಿನಿಂದ ತಿವಿದೆ. ಹೇಳು, ಮುಠ್ಠಾಳ, ಹೇಳಿಬಿಡು. ಅವನು ಅಡಕತ್ತರಿಗೆ ಸಿಕ್ಕಿದ ಅಡಿಕೆಯ ಹಾಗೆ ನಿಂತಿದ್ದ. “ದೊಡ್ಡದೇ ಇರಲಿ,” ಎಂದ.

ಆಗಲೇ ಜಲಾಲ್ ಬಂದು, ಕರಿ ಆಡು ಇವತ್ತೋ ನಾಳೆಯೋ ಈಯುತ್ತದೆ, ಕೆಚ್ಚಲು ಬಿಗಿದಿದೆ ಎಂದ. ಯಾರೂ ಅದಕ್ಕೆ ಕಿವಿಗೊಡಲಿಲ್ಲ. “ನಾಳೆ ಬೆಳಿಗ್ಗೆ ಯಾರೂ ಕೋಣೆಯಿಂದ ಹೊರಗೆ ಬರಬಾರದು,” ಎಂದಷ್ಟೇ ಸರ್ವೋತ್ತಮ ಹೇಳಿದ.

ಶುಕ್ರವಾರ ಐದು ಗಂಟೆಗೆ ಅವನು ಕೆಲಸದವರ ಕೋಣೆಯ ಮುಂದೆ ನಿಂತು ಮೆಲ್ಲಗೆ ಕೂ ಹಾಕಿದ. ಒಳಗಿನಿಂದ ನಾಲ್ಕು ಕೂ ಬಂದವು, ನಿದ್ದೆಗಣ್ಣಿನವು. ಅವನ ಹೆಗಲು ಸ್ವಲ್ಪ ಸಡಿಲವಾಯಿತು. ಆಮೇಲೆ ನಾವು ಮೂವರು ಪಿಕಪ್ಪಿನ ಮರೆಯಲ್ಲಿ ಬಗ್ಗಿಕೊಂಡೆವು. ಬಾನೆಟ್ಟಿನ ಮೇಲೆ ಮರಳಿನ ಚೀಲ, ಅದರ ಮೇಲೆ ರೈಫಲ್, ಹಿಂದೆ ಅರ್ಬಾಬ್. ಬಲಕ್ಕೆ ಸರ್ವೋತ್ತಮ, ಎಡಕ್ಕೆ ನಾನು. ಎದುರಿಗೆ ನೂರೈವತ್ತು ಮೀಟರ್ ಬಯಲು. ಬಯಲಿನ ಕೊನೆಯಲ್ಲಿ ಗಾಳಿ ತಡೆಯಲಿಕ್ಕೆಂದು ಕಟ್ಟಿದ ಖರ್ಜೂರದ ಗರಿಯ ತಟ್ಟಿ. ಬಲಬದಿಗೆ ಆಡಿನ ಕೊಟ್ಟಿಗೆ. ಚಳಿಗೆ ನನ್ನ ಮೊಣಕಾಲು ಜೋಮು ಹಿಡಿದಿತ್ತು. ಸಣ್ಣ ಸದ್ದಾದರೂ ಅರ್ಬಾಬ್ ತಿರುಗಿ ನೋಡುತ್ತಿದ್ದರು.

ಆರು ಗಂಟೆ ಆಗುತ್ತಾ ಬಂತು. ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಹಳದಿ ಬಂತು, ಒಂದೇ. ಬಯಲಿನಲ್ಲಿ ನೆಲ ಮೂಸುತ್ತಾ ಬಂದು, ಗರಿಯ ತಟ್ಟಿಗೆ ಹತ್ತು ಹೆಜ್ಜೆ ಇರುವಾಗ ನಿಂತಿತು. ನಮಗೆ ಅಡ್ಡಲಾಗಿ, ಪೂರ್ತಿ ಪಕ್ಕೆ ತೋರಿಸಿಕೊಂಡು. ಇದಕ್ಕಿಂತ ಒಳ್ಳೆಯ ಗುರಿ ಬೇಡಿದರೂ ಸಿಗಲಿಕ್ಕಿಲ್ಲ. ಅರ್ಬಾಬ್ ಕೆನ್ನೆಯನ್ನು ರೈಫಲಿಗೆ ಒತ್ತಿದರು.

ಸರ್ವೋತ್ತಮ ನಾಯಿಯನ್ನು ನೋಡುತ್ತಿರಲಿಲ್ಲ. ಅದರ ಕಿವಿ ನೋಡುತ್ತಿದ್ದ. ಆಮೇಲೆ ಅವನೇ ನನಗೆ ಹೇಳಿದ್ದು: ಪೊದೆಯೊಳಗಿನ ಮನುಷ್ಯ ನಮಗೆ ಕಾಣುವುದಿಲ್ಲ, ಪ್ರಾಣಿಗೆ ಗೊತ್ತಿರುತ್ತದೆ, ಅದರ ಕಿವಿ ಎತ್ತ ನಿಂತಿದೆಯೋ ಅತ್ತ ಒಬ್ಬನಿದ್ದಾನೆ ಎಂದು ತಿಳಿ. ಹಳದಿಯ ಮೂಗು ನೆಲದ ಕಡೆ ಇತ್ತು. ಅದರ ಎರಡು ಕಿವಿಗಳೂ ಕೊಟ್ಟಿಗೆಯ ಕಡೆಗಿರಲಿಲ್ಲ, ನಮ್ಮ ಕಡೆಗೂ ಇರಲಿಲ್ಲ. ಗರಿಯ ತಟ್ಟಿಯ ಕಡೆ ನೆಟ್ಟಿದ್ದವು.

“ಅರ್ಬಾಬ್, ತಡೀರಿ,” ಎಂದು ಪಿಸುಗುಟ್ಟಿದ.

“ಶ್ಶ್.”

“ಆ ತಟ್ಟಿಯ ಹಿಂದೆ—”

“ಸರ್ವೋ, ಬಾಯಿ ಮುಚ್ಚು.” ಅರ್ಬಾಬರ ಉಸಿರು ಅರ್ಧಕ್ಕೆ ನಿಂತಿತ್ತು. ಬೆರಳು ಟ್ರಿಗರಿನ ಮೇಲೆ ಹೋಗಿತ್ತು. ಆ ಬೆರಳಿನ ಉಗುರು ಬಿಳಿಚಿಕೊಳ್ಳುವುದನ್ನು ನಾನು ನೋಡಿದೆ. ರೈಫಲಿಗೆ ಕೈ ಹಾಕಿ ತಳ್ಳಬಹುದಿತ್ತು. ತಳ್ಳಿದರೆ ಅದು ಯಾವ ದಿಕ್ಕಿಗೆ ಹಾರುತ್ತಿತ್ತೋ. ಯೇಸುವೇ, ಎಂದೆ ಮನಸ್ಸಿನಲ್ಲೇ. ಅದರಾಚೆ ನನಗೆ ಪ್ರಾರ್ಥನೆಯೂ ನೆನಪಾಗಲಿಲ್ಲ.

ಸರ್ವೋತ್ತಮ ಎದ್ದು ನಿಂತ. ಬಾಯಿಯ ಸುತ್ತ ಕೈ ಹಿಡಿದ. ಹದಿನಾಲ್ಕು ವರ್ಷದಲ್ಲಿ ನಾನು ಕೇಳದಷ್ಟು ಜೋರಾಗಿ, ಕಿವಿ ಗುಂಯ್ ಎನ್ನುವ ಹಾಗೆ ಕೂಗಿದ.

“ಕೂ...”

ಹಳದಿ ಇದ್ದಲ್ಲಿಂದ ಮಾಯವಾಯಿತು. ಅರ್ಬಾಬ್ ಬೆಚ್ಚಿ ಬೆರಳು ಹೊರಗೆಳೆದುಕೊಂಡರು. ಅವರ ಮುಖ ಕೆಂಪಗಾಯಿತು. “ಹುಚ್ಚು ಹಿಡಿದಿದೆಯಾ ನಿನಗೆ? ಮೂರು ವಾರದಿಂದ ಆಡು ಕಳೆದುಕೊಂಡಿದ್ದೇನೆ! ಮೂರು ವಾರ!” ಇನ್ನೂ ಏನೋ ಹೇಳುವವರಿದ್ದರು.

ಆಗ ಗರಿಯ ತಟ್ಟಿಯ ಹಿಂದಿನಿಂದ, ನಾಯಿ ನಿಂತಿದ್ದ ಜಾಗದ ಸರಿಯಾಗಿ ಹಿಂದಿನಿಂದ, ಒಂದು ಕೂ ಬಂತು. ಸಣ್ಣ ದನಿ, ಸಂಜೆ ಗೇಟು ಮುಚ್ಚುವಾಗ ಕೊಡುವ ಹಾಗೆಯೇ, ಆರಾಮವಾಗಿ.

ಜಲಾಲ್ ಎದ್ದು ನಿಂತ. ಹೊದ್ದುಕೊಂಡಿದ್ದ ಗೋಣಿಚೀಲ ಹೆಗಲಿನಿಂದ ಜಾರಿತು. ಕೈಯಲ್ಲಿ ಒದ್ದೆ ಒದ್ದೆ ಆಡಿನ ಮರಿ. ಕರಿ ಆಡು ಈಯುವ ಹೊತ್ತಿಗೆ ಕೊಟ್ಟಿಗೆಯಿಂದ ನುಸುಳಿಕೊಂಡು ತಟ್ಟಿಯ ಹಿಂದಿನ ಮೂಲೆ ಹುಡುಕಿಕೊಂಡಿತ್ತು. ಐದು ಗಂಟೆಗೆ ಕೋಣೆಯೊಳಗಿಂದ ಕೂ ಕೊಟ್ಟವನು ಐದೂಕಾಲಿಗೆ ಅದು ಒರಲುವುದು ಕೇಳಿ, ಹೊರಗೆ ಬರಬಾರದು ಎಂದದ್ದನ್ನೂ ಮರೆತು, ನಮಗೆ ಕಾಣದಂತೆ ಕತ್ತಲಲ್ಲೇ ಎದ್ದು ಹೋಗಿದ್ದ, ನಾಯಿಗೆ ಸಿಗಬಾರದೆಂದು. ಕೂವಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದ ಕಾನೂನು ಒಂದೇ: ಕೂ ಕೇಳಿದರೆ ಕೂ ಕೊಡಬೇಕು. ಒಮ್ಮೆ ಕೂ ಕೊಟ್ಟ ಮೇಲೆ ಇನ್ನೊಂದು ಕೂ ಕೇಳುವ ತನಕ ಇದ್ದ ಜಾಗದಿಂದ ಕದಲಬಾರದು ಎಂಬ ಉಳಿದರ್ಧವನ್ನು ಸರ್ವೋತ್ತಮ ಈ ತೋಟದಲ್ಲಿ ಯಾರಿಗೂ ಕಲಿಸಿರಲಿಲ್ಲ. ಕೋವಿಯೇ ಇಲ್ಲದ ಊರಿನಲ್ಲಿ ಅದೇಕೆ ಎಂದು ಬಿಟ್ಟಿದ್ದ.

ಅರ್ಬಾಬ್ ರೈಫಲಿನ ಗುಂಡು ಹೊರಗೆ ತೆಗೆಯಲು ನೋಡಿದರು. ಮೂರು ಸಲ ಆಗಲಿಲ್ಲ, ನಾಲ್ಕನೆಯ ಸಲ ಆಯಿತು. ಗುಂಡು ಮರಳಿಗೆ ಬಿತ್ತು. ಅದನ್ನು ಹೆಕ್ಕಿಕೊಂಡು ಅವರು ಪಿಕಪ್ಪಿನ ಚಕ್ರಕ್ಕೆ ಬೆನ್ನು ಕೊಟ್ಟು ಕುಳಿತುಬಿಟ್ಟರು.

“ನಿನಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು.

“ಅರ್ಬಾಬ್, ನಾನು ಶಿಕಾರಿ ಅಲ್ಲ,” ಎಂದ ಸರ್ವೋತ್ತಮ. “ಜೀವಮಾನದಲ್ಲಿ ಕೋವಿ ಮುಟ್ಟಿಲ್ಲ. ನಾನು ಕೂ ಹಾಕುವವ. ಈ ರೈಫಲ್ ತಪ್ಪು ಅಂತ ಮಂಗಳವಾರವೇ ಗೊತ್ತಿತ್ತು, ನಾಚಿಕೆಯಾಗಿ ಹೇಳಲಿಲ್ಲ. ನನ್ನನ್ನು ಕಳಿಸುವುದಾದರೆ ಕಳಿಸಿ.” ಕಣ್ಣೊರೆಸಿಕೊಳ್ಳಲಿಕ್ಕೂ ಹೋಗಲಿಲ್ಲ, ಹಾಗೆಯೇ ನಿಂತ.

ಅರ್ಬಾಬ್ ಬೈಯಲಿಲ್ಲ, ಸೋಮವಾರದ ಹಾಗೆಯೇ. ಇವನ ಕೆಲಸ ಹೋಯಿತು, ಹರಿಣಾಕ್ಷಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಜಲಾಲ್ ಮರಿಯನ್ನು ಎತ್ತಿಕೊಂಡು ಬಯಲು ದಾಟಿ ಬಂದ. ಎಲ್ಲರ ಮುಖವನ್ನೂ ನೋಡಿ, “ಹೆಣ್ಣು ಮರಿ, ಅರ್ಬಾಬ್,” ಎಂದ.

ಆಗ ಅರ್ಬಾಬ್ ಎದ್ದು ಬೈಯಲು ಶುರುಮಾಡಿದರು. ಅರಬ್ಬಿಯಲ್ಲಿ, ಹಿಂದಿಯಲ್ಲಿ, ನಡುವೆ ಇಂಗ್ಲಿಷಿನಲ್ಲಿ. ಸರ್ವೋತ್ತಮನಿಗೆ ಸುಳ್ಳಿಗಾಗಿ, ಜಲಾಲನಿಗೆ ಹೊರಗೆ ಬಂದದ್ದಕ್ಕಾಗಿ, ನನಗೂ ಗೊತ್ತಿತ್ತು ಎಂದು ಒಪ್ಪಿಕೊಂಡ ಮೇಲೆ ನನಗೆ, ಕೊನೆಗೆ ತಮಗೆ ತಾವೇ. ಅರ್ಧ ತಾಸಿಗೆ ಕಡಿಮೆಯಿಲ್ಲ. ಬೈಗುಳ ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಮುಗಿದ ಮೇಲೆ, “ಚಹಾ ಮಾಡಿಸು,” ಎಂದರು.

ಚಹಾ ಕುಡಿಯುವಾಗ ಸರ್ವೋತ್ತಮ ತಿಳಿದದ್ದನ್ನು ತಿಳಿದಷ್ಟೇ ಹೇಳಿದ. ಗುಂಡು ಟೂ-ಟ್ವೆಂಟಿ-ತ್ರೀ. ಹೊಡೆಯುವುದು ಹಳೆಯ ನೀರಿನ ಟ್ಯಾಂಕಿನ ಮೇಲಿನಿಂದ, ತಪ್ಪಿದರೂ ನೆಲಕ್ಕೇ ಹೋಗಲಿ. ಗುರಿಯ ಹಿಂದೆ ಮಣ್ಣಿನ ದಿಣ್ಣೆ ಹಾಕಿಸಬೇಕು. ಇದನ್ನೆಲ್ಲ ಒಬ್ಬ ನಿಜವಾಗಿ ಬಲ್ಲವನ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ ಎಂದೂ ಸೇರಿಸಿದ. ಅರ್ಬಾಬ್ ಬಲ್ಲವರೊಬ್ಬರ ಹತ್ತಿರ ಕೇಳಿದರು, ಒಂದೇ ವಾರದಲ್ಲಿ ಜೆಸಿಬಿ ತರಿಸಿ ದಿಣ್ಣೆಯನ್ನೂ ಹಾಕಿಸಿದರು. ಸರ್ವೋತ್ತಮ ಆ ವಾರವಿಡೀ ಕೆಲಸದವರಿಗೆ ಕೂವಿನ ಉಳಿದರ್ಧ ಕಲಿಸಿದ. ಅದ್ಲಿಯಾದ ಮನೆಯಲ್ಲಿ ಹಂದಿಯ ಕಥೆಯನ್ನು ಕೋವಿ ಮಾವನ ಕೈಗೆ ಕೊಟ್ಟು ಹೇಳಿದ. ಅಂದು ಹರಿಣಾಕ್ಷಿ ಅಡುಗೆಮನೆಗೆ ಹೋಗಲಿಲ್ಲ.

ಮುಂದಿನ ಶುಕ್ರವಾರ, ನಾಯಿಗಳು ಬರುವ ಹೊತ್ತಿಗಿಂತ ಬಹಳ ಮುಂಚೆ, ಅರ್ಬಾಬ್ ಮತ್ತು ಸರ್ವೋತ್ತಮ ಟ್ಯಾಂಕಿನ ಮೇಲೆ. ನಾನು ಕೆಳಗೆ ಪಿಕಪ್ಪಿನಲ್ಲಿ. ರೈಫಲ್ ಖಾಲಿ, ಗುಂಡು ಅರ್ಬಾಬರ ಅಂಗೈಯಲ್ಲಿ. “ಸರ್ವೋ,” ಎಂದರು ಅವರು. ಅವನು ಕೂ ಹಾಕಿದ. ಕೋಣೆಯಿಂದ ಒಂದು, ಎರಡು, ಮೂರು. ಒಳಗಿನಿಂದ ಅಗಳಿ ಹಾಕಿದ ಕೊಟ್ಟಿಗೆಯಿಂದ ಜಲಾಲನದು ನಾಲ್ಕು.

ಅರ್ಬಾಬ್ ಗುಂಡು ತುಂಬಲಿಲ್ಲ. ಬಗ್ಗಿ ಕೆಳಗೆ ನೋಡಿದರು. “ಐದು ಎಲ್ಲಿ?” ಎಂದರು.

ನನ್ನ ಕೈ ರೂಢಿಯಂತೆ ಹಾರ್ನಿನ ಮೇಲೆ ಹೋಗಿತ್ತು. ಹಾರ್ನ್ ಒತ್ತಿದರೆ ಗಾಡಿ ಇಲ್ಲಿದೆ ಎಂದು ಗೊತ್ತಾಗುತ್ತದೆ. ಗಾಡಿಯಲ್ಲಿ ನಾನಿದ್ದೇನೋ ಇಲ್ಲವೋ ಯಾರಿಗೆ ಗೊತ್ತು? ಕೈ ತೆಗೆದೆ. ಕಿಟಕಿಯ ಗಾಜು ಇಳಿಸಿ, ಬಾಯಿಯ ಸುತ್ತ ಕೈ ಹಿಡಿದು, ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಕೂ ಕೊಟ್ಟೆ. ಸ್ವರ ಒಡೆದು ಕೆಟ್ಟದಾಗಿ ಬಂತು.

“ಐದು,” ಎಂದ ಸರ್ವೋತ್ತಮ ಮೇಲಿನಿಂದ. ಆಮೇಲೆ ಅರ್ಬಾಬ್ ಗುಂಡು ತುಂಬಿದರು.